ಸಂಕಲ್ಪದಿಂದ ಏರ್ಪಾಡಿನತ್ತ: ಗುರಿಯ ಮನಶ್ಶಾಸ್ತ್ರ ಬೆಳೆದ ಬಗೆ

ಆತ್ಮಸುಧಾರಣೆಯ ಹಂಬಲ ಮನುಷ್ಯನಷ್ಟೇ ಹಳೆಯದಾದರೂ, ಅದಕ್ಕೆ ಲೆಕ್ಕಪತ್ರದ ಶಿಸ್ತನ್ನು ತಂದವರಲ್ಲಿ 18ನೆಯ ಶತಮಾನದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಪ್ರಮುಖನು. ಮಿತಾಹಾರ, ಮೌನ, ಅಚ್ಚುಕಟ್ಟುತನ ಮೊದಲಾದ 13 ಗುಣಗಳನ್ನು ಪಟ್ಟಿಮಾಡಿ, ಚಿಕ್ಕ ಪುಸ್ತಕವೊಂದರಲ್ಲಿ ವಾರದ ಏಳು ದಿನಗಳಿಗೆ ಗೆರೆ ಎಳೆದು, ತಪ್ಪಿದಲ್ಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ ಆತನಿಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಅಚ್ಚುಕಟ್ಟುತನವೇ. 1859ರಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸನ ‘ಸೆಲ್ಫ್ ಹೆಲ್ಪ್’ ಪ್ರಕಟವಾದ ಮೇಲೆ ಈ ಹಂಬಲ ಜನಪ್ರಿಯ ಸಾಹಿತ್ಯವಾಯಿತೇ ಹೊರತು ಶಾಸ್ತ್ರವಾಗಲಿಲ್ಲ. ಸಾಧಕರ ಚರಿತ್ರೆಗಳನ್ನು ನೆಚ್ಚಿದ ಆ ಬರವಣಿಗೆಯಲ್ಲಿ, ಅಷ್ಟೇ ದುಡಿದೂ ಸೋತವರೊಡನೆ ಹೋಲಿಸಿ ನೋಡುವ ಕ್ರಮವಿರಲಿಲ್ಲ.

ಆ ಕ್ರಮ ಬಂದದ್ದು ಪ್ರಯೋಗಾಲಯದಿಂದ. 1930ರ ಸುಮಾರಿಗೆ ಬರ್ಲಿನ್ನಿನಲ್ಲಿ ಕರ್ಟ್ ಲೆವಿನ್ನನ ಶಿಷ್ಯರು ‘ಆಕಾಂಕ್ಷೆಯ ಮಟ್ಟ’ವನ್ನು, ಎಂದರೆ ವ್ಯಕ್ತಿಯು ಗೆದ್ದಾಗ ಗುರಿಯನ್ನು ಏರಿಸುವ, ಸೋತಾಗ ಇಳಿಸುವ ಪರಿಯನ್ನು ಪರಿಶೀಲಿಸಿದರು. 1968ರಲ್ಲಿ ಎಡ್ವಿನ್ ಲಾಕ್, ‘ಆದಷ್ಟು ಮಾಡು’ ಎಂಬ ಸಡಿಲ ಸೂಚನೆಗಿಂತ ಖಚಿತವೂ ಕಠಿಣವೂ ಆದ ಗುರಿಯು ಹೆಚ್ಚು ಕೆಲಸ ಮಾಡಿಸುತ್ತದೆಂದು ವಾದಿಸಿದರು. ಇದಕ್ಕೆ ಪ್ರಯೋಗಾಲಯದ ಹೊರಗೆ ಬಲವಾದ ಸಾಕ್ಷ್ಯ ಒದಗಿಸಿದ್ದು ಗ್ಯಾರಿ ಲೇಥಮ್ ಮತ್ತು ಜೆ. ಜೇಮ್ಸ್ ಬಾಲ್ಡೆಸ್ 1975ರಲ್ಲಿ ಪ್ರಕಟಿಸಿದ ಒಕ್ಲಹೋಮದ ಅಧ್ಯಯನ: ಕಾನೂನು ಒಪ್ಪುವ ಭಾರದ ಸುಮಾರು ಶೇ. 60ರಷ್ಟನ್ನೇ ಹೇರುತ್ತಿದ್ದ ಮರದ ದಿಮ್ಮಿಗಳ ಲಾರಿ ಚಾಲಕರಿಗೆ ಶೇ. 94ರ ಗುರಿ ಕೊಟ್ಟು, ಹೊಗಳಿಕೆಯ ಹೊರತು ಬೇರೆ ಬಹುಮಾನವಿಲ್ಲವೆಂದು ತಿಳಿಸಲಾಗಿ, ಮೊದಲ ತಿಂಗಳು ಹೇರುಭಾರ ಏರಿ, ಎರಡನೆಯ ತಿಂಗಳು ಮತ್ತೆ ಕುಸಿದು, ಗುರಿ ತಪ್ಪಿದವರಿಗೆ ದಂಡನೆಯಿಲ್ಲವೆಂಬುದು ಖಾತ್ರಿಯಾದ ಬಳಿಕ ಶೇ. 90ನ್ನು ಮುಟ್ಟಿತು. ಇದರ ಮುಂದೆ, ಗುರಿ ಬರೆದಿಟ್ಟ ಯೇಲ್ ವಿದ್ಯಾರ್ಥಿಗಳು ಉಳಿದವರೆಲ್ಲರಿಗಿಂತ ಶ್ರೀಮಂತರಾದರೆಂಬ, ಭಾಷಣಕಾರರಿಗೆ ಬಲು ಪ್ರಿಯವಾದ ‘1953ರ ಅಧ್ಯಯನ’ ನಡೆದೇ ಇಲ್ಲವೆಂಬುದನ್ನೂ ನೆನೆಯಬೇಕು.

ಆದರೆ ಲಾರಿಯ ತೂಕದಂತೆ ಸ್ವಂತ ಬದುಕನ್ನು ಇನ್ನೊಬ್ಬರು ಅಳೆದು ತಿಳಿಸುವುದಿಲ್ಲವಾದ್ದರಿಂದ, ಉದ್ದೇಶವಿದ್ದೂ ಆಚರಣೆ ಯಾಕಿಲ್ಲ ಎಂಬ ಪ್ರಶ್ನೆ ಉಳಿದೇ ಇತ್ತು. ಪೀಟರ್ ಗೋಲ್ವಿಟ್ಸರ್ 1990ರ ದಶಕದಲ್ಲಿ ಬೆಳೆಸಿದ ‘ಅನುಷ್ಠಾನ ಸಂಕಲ್ಪ’ವು ಇದಕ್ಕೆ ಉತ್ತರ, ‘ಇಂಥ ಸನ್ನಿವೇಶ ಬಂದರೆ ಇಂಥದನ್ನು ಮಾಡುವೆ’ ಎಂದು ಹೊತ್ತು, ಸ್ಥಳಗಳನ್ನು ಮೊದಲೇ ಗೊತ್ತುಪಡಿಸುವುದು ಅದರ ತಿರುಳು. 2002ರ ಬ್ರಿಟಿಷ್ ಪ್ರಯೋಗವೊಂದರಲ್ಲಿ ವ್ಯಾಯಾಮದ ದಿನ, ಗಂಟೆ, ಜಾಗಗಳನ್ನು ಬರೆದ ವಿದ್ಯಾರ್ಥಿಗಳಲ್ಲಿ ಶೇ. 91ರಷ್ಟು ಮಂದಿ ಅದನ್ನು ನಡೆಸಿದರೆ, ಪ್ರೇರಣೆಯ ಮಾತನ್ನಷ್ಟೇ ಓದಿದವರಲ್ಲಿ ನಡೆಸಿದವರು ಶೇ. 35. ಉಪದೇಶಕ್ಕೆ ಇದಕ್ಕಿಂತ ದೊಡ್ಡ ಮುಖಭಂಗ ಈ ಕ್ಷೇತ್ರದಲ್ಲಿ ವಿರಳ. ಸುಖಕಲ್ಪನೆಯ ಪಾಡೂ ಇಷ್ಟೇ: ತೂಕ ಇಳಿಸಹೊರಟ ಮಹಿಳೆಯರಲ್ಲಿ ಫಲಿತಾಂಶವನ್ನು ತೀರ ಸೊಗಸಾಗಿ ಕನಸಿದವರೇ ಕಡಿಮೆ ಇಳಿಸಿದರೆಂದು ಗೇಬ್ರಿಯೆಲ್ ಓಟಿಂಗೆನ್ 1991ರಲ್ಲಿ ತೋರಿಸಿದ್ದರು.

2009ರಲ್ಲಿ ಲಿಸಾ ಓರ್ಡೊನ್ಯೆಸ್ ಮತ್ತು ಸಂಗಡಿಗರು, ಸಂಕುಚಿತ ಗುರಿಗಳು ಮೋಸಕ್ಕೂ ಅಪಾಯದ ಸಾಹಸಕ್ಕೂ ದೂಡಬಲ್ಲವೆಂದು ಎಚ್ಚರಿಸಿದ್ದಕ್ಕೆ ಲಾಕ್ ಮತ್ತು ಲೇಥಮ್ ಖಾರವಾಗಿಯೇ ಪ್ರತಿಕ್ರಿಯಿಸಿದರು. ಮರುವರ್ಷ ಲಂಡನ್ನಿನ ಫಿಲಿಪಾ ಲ್ಯಾಲಿ ಅವರ ತಂಡ 96 ಮಂದಿಯನ್ನು ಗಮನಿಸಿ, ಅಭ್ಯಾಸವೊಂದು ತಾನಾಗಿ ನಡೆಯುವಷ್ಟು ರೂಢಿಯಾಗಲು ಹಿಡಿಯುವ ಕಾಲದ ಮಧ್ಯಾಂಕವನ್ನು 66 ದಿನವೆಂದು ಅಂದಾಜಿಸಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೇನೂ ಆಗಿರಲಿಲ್ಲ.