ಪಾಪರ್ ಚೀಟಿಗೆ ಅರ್ಜಿ ಹಾಕೋ ಮುಂಚೆ ಯಾವ ಲೆಕ್ಕ, ಯಾವ ಕಾಗದ ರೆಡಿ ಇರಬೇಕು?

ವ್ಯಾಪಾರ ಕೈಕೊಟ್ಟು, ಬ್ಯಾಂಕಿನ ಕಂತು, ಫೈನಾನ್ಸ್‌ನವರ ವಾರದ ಕಂತು, ಕೈಸಾಲದ ಬಡ್ಡಿ ಎಲ್ಲಾ ಒಟ್ಟಿಗೆ ಮೇಲೆ ಬಿದ್ದಾಗ ಕೆಲವರು ಅಂಗಡಿಗೆ ಬೀಗ ಹಾಕಿ ಊರೇ ಬಿಡ್ತಾರೆ. ಊರು ಬಿಡದೆ ಕಾನೂನಿನ ದಾರಿ ಹಿಡಿಯೋಕೂ ಅವಕಾಶ ಇದೆ. ಅದೇ ಕೋರ್ಟಿಗೆ ಹಾಕುವ ದಿವಾಳಿ ಅರ್ಜಿ. ಜನ ಇದನ್ನು ‘ಪಾಪರ್ ಚೀಟಿ’ ಅಂತಾರೆ. ಆದರೆ ಇದು ಸಾಲಮನ್ನಾ ಅಲ್ಲ. ಲೆಕ್ಕ ಪೂರ್ತಿ ಮುಂದಿಟ್ಟವರಿಗೆ ಮಾತ್ರ ಇದರಿಂದ ಉಪಯೋಗ.

ಯಾವ ಕಾನೂನು, ಯಾವ ಕೋರ್ಟು?

2016ರ ಹೊಸ ದಿವಾಳಿ ಸಂಹಿತೆಯ ವೈಯಕ್ತಿಕ ಸಾಲದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಸಾಮಾನ್ಯ ಅಂಗಡಿಯವರು, ರೈತರು, ಕೂಲಿ ಮಾಡೋರಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅರ್ಜಿದಾರ ವಾಸ ಇರುವ ಅಥವಾ ವ್ಯಾಪಾರ ಮಾಡುವ ಜಾಗ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಅರ್ಜಿ ಹಾಕಬೇಕು. ಜಿಲ್ಲಾ ಕೋರ್ಟೋ, ಕೆಳಗಿನ ಸಿವಿಲ್ ಕೋರ್ಟೋ ಅನ್ನೋದನ್ನು ವಕೀಲರಲ್ಲಿ ಕೇಳಿ ತಿಳಿದುಕೊಳ್ಳಿ.

1. ಸಾಲದ ಪಟ್ಟಿ

ಪ್ರತಿ ಸಾಲಗಾರರ ಹೆಸರು, ವಿಳಾಸ, ಬಾಕಿ ಮೊತ್ತ ಅರ್ಜಿಯಲ್ಲಿ ಇರಲೇಬೇಕು. ಬ್ಯಾಂಕ್ ಸಾಲ ಯಾರೂ ಮರೆಯಲ್ಲ. ಬಿಟ್ಟುಹೋಗೋದು ಇವು:

- ಭಾವಮೈದನಿಂದ, ಪಕ್ಕದ ಅಂಗಡಿಯವರಿಂದ ಪಡೆದ ಕೈಸಾಲ
- ಎತ್ತಿದ ಚೀಟಿಯ ಉಳಿದ ಕಂತು
- ಸ್ವಸಹಾಯ ಸಂಘ, ಮೈಕ್ರೋ ಫೈನಾನ್ಸ್ ಸಾಲ
- ಹೋಲ್‌ಸೇಲ್‌ನವರ ಉದ್ದರಿ ಬಾಕಿ, ಅಂಗಡಿ ಬಾಡಿಗೆ
- ಬೇರೆಯವರ ಸಾಲಕ್ಕೆ ಹಾಕಿದ ಜಾಮೀನು ಸಹಿ

ಪತ್ರ ಇಲ್ಲದ ಸಾಲವನ್ನೂ ಬರೆಯಿರಿ. ಫೋನ್‌ಪೇ, ಗೂಗಲ್ ಪೇ ಮೂಲಕ ಬಂದ ದುಡ್ಡಿಗೆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಂದು ಕ್ರೆಡಿಟ್ ವರದಿ ಉಚಿತವಾಗಿ ಕೊಡಬೇಕು. ಅದನ್ನು ತೆಗೆದು ಪಟ್ಟಿ ಜೊತೆ ತಾಳೆ ನೋಡಿ.

2. ಆಸ್ತಿ ಪಟ್ಟಿ

ಏನಿದೆ, ಎಲ್ಲಿದೆ, ಬೆಲೆ ಎಷ್ಟು, ಮೂರನ್ನೂ ಬರೆಯಬೇಕು. ಜಮೀನಿಗೆ ಪಹಣಿ, ಮನೆ ಅಥವಾ ಸೈಟಿಗೆ ಖಾತಾ ಇಲ್ಲವೇ ಇ-ಸ್ವತ್ತು, ಕಾವೇರಿ ಪೋರ್ಟಲ್‌ನಿಂದ ಇಸಿ, ಗಾಡಿಯ ಆರ್‌ಸಿ, ವಿಮೆ ಬಾಂಡ್, ಗಿರವಿ ಚೀಟಿ ಸೇರಿಸಿ. ಅಂಗಡಿಯ ಸ್ಟಾಕು, ಗಿರಾಕಿಗಳಿಂದ ಬರಬೇಕಾದ ಉದ್ದರಿ ಕೂಡ ಆಸ್ತಿಯೇ. ಅಣ್ಣ-ತಮ್ಮಂದಿರ ಜೊತೆ ಜಂಟಿ ಇದ್ದರೆ ನಿಮ್ಮ ಪಾಲು ಎಷ್ಟು ಅಂತ ತಿಳಿಸಿ.

3. ಅಂಗಡಿ ಲೆಕ್ಕ

ಹಿಂದಿನ ಮೂರು ವರ್ಷದ ಲೆಕ್ಕದ ಪುಸ್ತಕ ಮುಖ್ಯ. ವ್ಯಾಪಾರಕ್ಕೆ ತಕ್ಕ ಲೆಕ್ಕ ಇಟ್ಟಿಲ್ಲ ಅಂತಾದರೆ ಕೊನೆಯಲ್ಲಿ ಬಿಡುಗಡೆ ಆದೇಶಕ್ಕೇ ಅಡ್ಡಿಯಾಗುತ್ತೆ. ಜಿಎಸ್‌ಟಿ ರಿಟರ್ನ್, ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ದರಿ ಪುಸ್ತಕ, ಖರೀದಿ ಬಿಲ್ ಒಂದೇ ಫೈಲಿಗೆ ಹಾಕಿ. ಉದ್ದರಿ ಪುಸ್ತಕ ಹರಿದಿದ್ದರೂ ಎಸೆಯಬೇಡಿ, ಹೊಸದಾಗಿ ಕೂತು ಬರೆಯಲೂ ಬೇಡಿ.

4. ಕೋರ್ಟ್ ಕಾಗದ

ಬಂದಿರುವ ನೋಟಿಸು, ಡಿಕ್ರಿ, ಜಪ್ತಿ ಆದೇಶದ ನಕಲು ಬೇಕು. ಚೆಕ್ ಬೌನ್ಸ್ ಕೇಸಿದ್ದರೆ ವಕೀಲರಿಗೆ ಮೊದಲೇ ಹೇಳಿ, ಅದು ಕ್ರಿಮಿನಲ್ ಕೇಸು. ಹಿಂದೆ ಯಾವಾಗಲಾದರೂ ದಿವಾಳಿ ಅರ್ಜಿ ಹಾಕಿದ್ದರೆ ಅದನ್ನೂ ತಿಳಿಸಬೇಕು.

ಇಲ್ಲೇ ಎಡವೋದು

ಅರ್ಜಿಗೆ ಮುಂಚೆ ಸೈಟನ್ನು ಹೆಂಡತಿ ಹೆಸರಿಗೋ ಅಣ್ಣನ ಹೆಸರಿಗೋ ದಾನಪತ್ರ ಮಾಡಿಬಿಡೋಣ ಅಂತ ಸಲಹೆ ಕೊಡೋರು ಸಿಗ್ತಾರೆ. ಮಾಡಬೇಡಿ. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಪುಕ್ಕಟೆ ಬರೆದುಕೊಟ್ಟ ಆಸ್ತಿ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಮೂರು ತಿಂಗಳೊಳಗೆ ಬೇಕಾದ ಒಬ್ಬರಿಗೆ ಮಾತ್ರ ಸಾಲ ತೀರಿಸಿ ಉಳಿದವರನ್ನು ಬಿಟ್ಟಿದ್ದರೆ ಅದಕ್ಕೂ ಇದೇ ಗತಿ. ಮೋಸದ ಉದ್ದೇಶದಿಂದ ಆಸ್ತಿ ಬಚ್ಚಿಟ್ಟರೆ, ಲೆಕ್ಕ ತಿದ್ದಿದರೆ ಒಂದು ವರ್ಷದವರೆಗೆ ಜೈಲು. ಈಗಾಗಲೇ ಬರೆದುಕೊಟ್ಟಿದ್ದರೆ ಪತ್ರದ ನಕಲು ಹಿಡಿದು ವಕೀಲರಿಗೆ ನಿಜ ಹೇಳಿ.

ಏನು ಹೋಗುತ್ತೆ, ಏನು ಉಳಿಯುತ್ತೆ?

ದಿವಾಳಿ ಅಂತ ಆದೇಶ ಆದ ಮೇಲೆ ಆಸ್ತಿ ಕೋರ್ಟ್ ಅಥವಾ ರಿಸೀವರ್ ವಶಕ್ಕೆ ಹೋಗುತ್ತೆ. ಆಮೇಲೆ ಸಾಲಗಾರರು ಕೋರ್ಟಿನ ಅನುಮತಿ ಇಲ್ಲದೆ ವಸೂಲಿ ದಾವೆ ಹಾಕೋಕೆ ಆಗಲ್ಲ. ಆದರೆ ಅಡಮಾನ ಇಟ್ಟ ಮನೆ, ಗಿರವಿ ಇಟ್ಟ ಚಿನ್ನದ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತೆ. ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ, ಮೋಸದಿಂದ ಆದ ಸಾಲ ಬಿಡುಗಡೆ ಸಿಕ್ಕರೂ ಮನ್ನಾ ಆಗಲ್ಲ.

ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನವರ ಸಲಕರಣೆ, ರೈತರ ಬೇಸಾಯದ ಉಪಕರಣ, ಮಾಂಗಲ್ಯದಂತೆ ಧರ್ಮದ ಪ್ರಕಾರ ತೆಗೆಯಬಾರದ ಒಡವೆಯನ್ನು ಮುಟ್ಟುವಂತಿಲ್ಲ.

ಆದೇಶ ಸಿಕ್ತು ಅಂತ ಸುಮ್ಮನೆ ಕೂರುವಂತಿಲ್ಲ. ಕೋರ್ಟು ಹೇಳಿದ ಗಡುವಿನೊಳಗೆ ಬಿಡುಗಡೆಗೆ ಬೇರೆ ಅರ್ಜಿ ಹಾಕಬೇಕು. ಹಾಕದಿದ್ದರೆ ದಿವಾಳಿ ಆದೇಶವೇ ರದ್ದಾಗಿ ಸಾಲಗಾರರು ಮತ್ತೆ ಬಾಗಿಲಿಗೆ ಬರ್ತಾರೆ. ಆದೇಶ ಜಾರಿಯಲ್ಲಿ ಇರುವಾಗ ಸ್ಥಳೀಯ ಸಂಸ್ಥೆ ಚುನಾವಣೆಗೆ ನಿಲ್ಲೋಕೂ ಆಗಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲವೇ?

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರನ್ನು ಕೇಳಬಹುದು. ಸಮಿತಿ ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತೆ. ಸಹಾಯವಾಣಿ ಸಂಖ್ಯೆ 15100. ಹೋಗುವಾಗ ಆಧಾರ್, ಆದಾಯ ಪ್ರಮಾಣಪತ್ರ, ಜೊತೆಗೆ ಮೇಲಿನ ಎರಡೂ ಪಟ್ಟಿ ಇರಲಿ.