ಧ್ವನಿತಂತಿ ವಿವಾದ

ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಯ ಲೋಹ, ದಪ್ಪ ಹಾಗೂ ಹೆಣಿಗೆಯಿಂದ ಕೇಳುವ ನಾದದ ಗುಣ ಬದಲಾಗುತ್ತದೆಯೇ ಎಂಬುದರ ಸುತ್ತ 1970ರ ದಶಕದ ಕೊನೆಯಿಂದ ಬೆಳೆದುಬಂದ ಚರ್ಚೆಗೆ ಧ್ವನಿತಂತಿ ವಿವಾದವೆಂದು ಹೆಸರು. ತಂತಿಯು ತಾನು ಒಯ್ಯುವ ಸಂಕೇತವನ್ನು ಕೆಡಿಸಬಲ್ಲದೆಂಬ ತಿಳಿವಳಿಕೆ ಇದಕ್ಕಿಂತ ಬಹಳ ಹಳೆಯದು. ಅಟ್ಲಾಂಟಿಕ್ ಸಾಗರದಡಿಯ ಟೆಲಿಗ್ರಾಫ್ ತಂತಿಯಲ್ಲಿ ಸಂಕೇತ ಎಷ್ಟು ಕೆಡುತ್ತದೆಂದು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಮತ್ತು ಆ ಯೋಜನೆಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ವಾದಿಸಿದರು; 1858ರಲ್ಲಿ ಹಾಸಿದ ಆ ತಂತಿ ಕೆಲವೇ ವಾರಗಳಲ್ಲಿ ನಿಂತುಹೋಯಿತು.

ಮನೆಯ ಸ್ಪೀಕರುಗಳಿಗೆ ಸಾಧಾರಣ ದೀಪದ ವೈರನ್ನೇ ಜೋಡಿಸುತ್ತಿದ್ದ ಅಮೆರಿಕದಲ್ಲಿ ನೋಯೆಲ್ ಲೀ ಅವರ ಮಾನ್‌ಸ್ಟರ್ ಕೇಬಲ್ ಸಂಸ್ಥೆ ದಪ್ಪ ತಂತಿಯನ್ನು ಪ್ರತ್ಯೇಕ ಸರಕಾಗಿ ಮಾರಿದ ಮೇಲೆ ಚರ್ಚೆ ಕಾವೇರಿತು. 1983ರಲ್ಲಿ ಸ್ಟೀರಿಯೊ ರಿವ್ಯೂ ಪತ್ರಿಕೆ, ಯಾವ ತಂತಿಯೆಂದು ಕೇಳುಗರಿಗೆ ತಿಳಿಸದೆ ಪರೀಕ್ಷೆ ನಡೆಸಿತು. ತೀರ ತೆಳುವಾದ ತಂತಿಯನ್ನು ಕೆಲವೊಮ್ಮೆ ಗುರುತಿಸಲಾಯಿತಾದರೂ, ಸಾಕಷ್ಟು ದಪ್ಪವಿರುವ ಸಾಧಾರಣ ತಂತಿಗೂ ದುಬಾರಿ ತಂತಿಗೂ ಸಂಗೀತ ಕೇಳುವಾಗ ವ್ಯತ್ಯಾಸ ಕಾಣಲಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಜಾತ್ರೆ ಬಯಲಾಟಗಳ ಮೈಕ್‌ಸೆಟ್ಟು ಇದೇ ಪ್ರಶ್ನೆಗೆ ಇನ್ನೂ ಖಚಿತವಾದ ಉತ್ತರ ಕೊಡುತ್ತದೆ. 8 ಓಮ್ ರೋಧದ, ಅಂದರೆ ವಿದ್ಯುತ್ತಿಗೆ ಅಷ್ಟು ತಡೆಯೊಡ್ಡುವ, ಸ್ಪೀಕರನ್ನು 1 ಚದರ ಮಿ.ಮೀ. ತಾಮ್ರದ ಜೋಡಿವೈರಿನಿಂದ 100 ಮೀಟರು ದೂರಕ್ಕೆ ಒಯ್ದರೆ ಹೋಗಿಬರುವ ವೈರಿನ ರೋಧವೇ ಸುಮಾರು 3.4 ಓಮ್ ಆಗಿ, ಸ್ಪೀಕರಿಗೆ ತಲುಪುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ; ಸ್ಪೀಕರಿನ ರೋಧ ಸ್ವರದಿಂದ ಸ್ವರಕ್ಕೆ ಏರಿಳಿಯುವುದರಿಂದ ದನಿಯ ಬಣ್ಣವೂ ಕೊಂಚ ಬದಲಾಗುತ್ತದೆ. ಕಂಬದ ಮೇಲಿನ ಹಾರ್ನುಗಳಿಗೆ 100 ವೋಲ್ಟ್ ಲೈನ್ ಪದ್ಧತಿಯನ್ನು ಬಳಸುವುದು ಇದಕ್ಕಾಗಿಯೇ: ವೋಲ್ಟೇಜನ್ನು ಏರಿಸಿ ಕಳಿಸಿ, ಹಾರ್ನಿನ ಬಳಿ ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿದಾಗ 30 ವ್ಯಾಟ್ ಹಾರ್ನು ಲೈನಿಗೆ 333 ಓಮ್‌ನಂತೆ ಕಾಣುತ್ತದೆ, ಅದೇ ತೆಳು ವೈರಿನ 3.4 ಓಮ್ ಗಣನೆಗೇ ಬರುವುದಿಲ್ಲ. ಮನೆಯಲ್ಲಿ 2.5 ಚದರ ಮಿ.ಮೀ. ವೈರು 3 ಮೀಟರಿಗೆ ಒಡ್ಡುವ ತಡೆ ಬರೀ 0.04 ಓಮ್ ಆದ್ದರಿಂದ, ಅಲ್ಲಿ ಬೆಳ್ಳಿಯ ತಂತಿಗೆ ಸಾವಿರಾರು ರೂಪಾಯಿ ಸುರಿಯಲು ಭೌತಶಾಸ್ತ್ರದಲ್ಲಿ ಆಧಾರವಿಲ್ಲ.

ಮೈಕಿನ ತಂತಿಯ ಮಾತು ಬೇರೆ. ಅದರಲ್ಲಿ ಹರಿಯುವ ಸಂಕೇತ ವೋಲ್ಟಿನ ಸಾವಿರದ ಕೆಲವು ಭಾಗಗಳಷ್ಟೇ ಆಗಿರುವುದರಿಂದ, ಪಕ್ಕದಲ್ಲಿ ಕರೆಂಟಿನ ವೈರು ಹಾದುಹೋದರೂ ಗುಂಯ್‌ಗುಡುವ ಸದ್ದು ಸೇರಿಕೊಳ್ಳುತ್ತದೆ. ಹೊರಗವಚದೊಳಗೆ ಎರಡು ತಂತಿಗಳನ್ನು ಹೊಸೆದು, ಒಂದರಲ್ಲಿ ಸಂಕೇತವನ್ನೂ ಇನ್ನೊಂದರಲ್ಲಿ ಅದರ ತಿರುವುಮುರುವನ್ನೂ ಕಳಿಸಿದರೆ, ಎರಡಕ್ಕೂ ಒಂದೇ ಬಗೆಯಲ್ಲಿ ಅಂಟಿದ ಆ ಸದ್ದನ್ನು ಆಂಪ್ಲಿಫೈಯರು ಕಳೆದುಹಾಕಿ ಹಾಡುಗಾರನ ದನಿಯನ್ನಷ್ಟೇ ಉಳಿಸಿಕೊಳ್ಳುತ್ತದೆ.