ಕಂದು ಬಣ್ಣದ್ದೆಲ್ಲಾ ನಿಜಾಮರ ಕಾಲದ್ದಲ್ಲ

ಇವತ್ತಿನ ಕಂತಿನಲ್ಲಿ ಒಂದು ಬಣ್ಣದ ಕಥೆ. ಹಳೇ ಫೋಟೊಗಳ ಆ ಕಂದು ಬಣ್ಣ ಇದೆಯಲ್ಲ, ಅದರದ್ದು.

'ನಿಜಾಮರ ಕಾಲದ ಗುಲ್ಬರ್ಗಾ' ಅಂತ ಕೋಟೆಯ ಒಂದು ಫೋಟೊ ನಿಮ್ಮ ಫೋನಿಗೂ ಬಂದಿರುತ್ತೆ. ಕೆಳಗೆ ಸಾಲಾಗಿ ಕೈಮುಗಿಯೋ ಇಮೋಜಿ, 'ಆ ಕಾಲವೇ ಬೇರೆ' ಅನ್ನೋ ಮಾತು. ಫೋಟೊ ಹಂಚೋದಕ್ಕೆ ನನ್ನ ತಕರಾರಿಲ್ಲ. ಆದರೆ ಬಣ್ಣ ನೋಡಿ ವಯಸ್ಸು ಹೇಳ್ತೀವಲ್ಲ, ಅದಕ್ಕೆ ತಕರಾರಿದೆ. ಯಾಕಂದ್ರೆ ಆ ಬಣ್ಣ ಈಗ ಫೋನಿನಲ್ಲಿ ಒಂದು ಬಟನ್ ಒತ್ತಿದ್ರೆ ಸಿಗುತ್ತೆ.

ನಿಜವಾದ ಹಳೇ ಫೋಟೊಗಳೂ ನಮ್ಮೂರಿಗೆ ಇವೆ. ಕಲಬುರಗಿ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1884ರಲ್ಲಿ ಲಾಲಾ ದೀನ್ ದಯಾಳ್ ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡ್ರು. ಮೀರತ್ ಹತ್ತಿರದ ಸರ್ಧಾನಾದವರು, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತವರು. ಸಂಸ್ಥಾನದ ಊರೂರು ಸುತ್ತಿ ಅವರು ತೆಗೆದ ಚಿತ್ರಗಳಲ್ಲಿ ನಮ್ಮ ಕೋಟೆಯ ಜಾಮಿ ಮಸೀದಿಯೂ ಇದೆ. 1367ರ ಮಸೀದಿ ಅದು, ಅಂಗಳವನ್ನೂ ಬಿಡದೆ ಪೂರ್ತಿ ಛಾವಣಿ ಹೊದ್ದಿರೋದು.

ದೀನ್ ದಯಾಳ್ ಅವರ 2,857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಗಮನಿಸಿ, ಗಾಜಿನ ಮೇಲೆ ಈ ಕಂದು ಬಣ್ಣ ಇರೋದಿಲ್ಲ. ಅದು ಹುಟ್ಟೋದು ಕಾಗದದ ಮೇಲೆ, ಪ್ರಿಂಟ್ ಹಾಕುವಾಗ. ಒಂದೇ ನೆಗೆಟಿವ್‌ನಿಂದ ಕಂದು ಪ್ರಿಂಟೂ ಬರುತ್ತೆ, ಅಚ್ಚ ಕಪ್ಪು-ಬಿಳುಪಿನದ್ದೂ ಬರುತ್ತೆ.

ಆಗಿನ ಕಾಗದಕ್ಕೆ ಮೊಟ್ಟೆಯ ಬಿಳಿ ಲೋಳೆ ಬಳೀತಿದ್ರು. ಹೌದು, ಕೋಳಿಮೊಟ್ಟೆನೇ! ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇಂಥ ಕಾಗದದ ಒಂದು ಕಾರ್ಖಾನೆಗೆ 1888ರ ಹೊತ್ತಿಗೆ ದಿನಕ್ಕೆ 60,000 ಮೊಟ್ಟೆ ಬೇಕಾಗ್ತಿತ್ತಂತೆ. ಅದರ ಮೇಲೆ ಬೆಳ್ಳಿಯ ಲವಣ ಹಚ್ಚಿ, ನೆಗೆಟಿವ್ ಇಟ್ಟು, ಬಿಸಿಲಿಗೆ ಒಡ್ಡಿದ್ರೆ ಚಿತ್ರ ಮೂಡ್ತಿತ್ತು. ನಮ್ಮ ಕಡೆ ಬಿಸಿಲಿಗೇನು ಬರ, ಬಿಡ್ರಿ. ಹಾಗೇ ಬಿಟ್ಟರೆ ಕೆಂಪುಕಂದಾಗಿ ಕಾಣೋ ಪ್ರಿಂಟನ್ನು ಚಿನ್ನದ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದ್ರೆ ನೇರಳೆ ಛಾಯೆಯ ಗಾಢ ಕಂದಾಗ್ತಿತ್ತು, ಬೇಗ ಮಾಸ್ತಾನೂ ಇರಲಿಲ್ಲ. ಇದೇ ಟೋನಿಂಗ್.

ಮುಂದೆ ಜೆಲಟಿನ್ ಕಾಗದ ಬಂತು. ಅದರ ಸೆಪಿಯಾ ಕೆಲಸ ಬೇರೆ: ಮೊದಲು ಚಿತ್ರವನ್ನು ಬ್ಲೀಚ್ ಮಾಡಿ, ಆಮೇಲೆ ಸೋಡಿಯಂ ಸಲ್ಫೈಡ್‌ನಲ್ಲಿ ಅದ್ದೋದು. ಕೊಳೆತ ಮೊಟ್ಟೆ ವಾಸನೆ ಡಾರ್ಕ್‌ರೂಮ್ ತುಂಬಾ. ಬೆಳ್ಳಿ ಹೋಗಿ ಬೆಳ್ಳಿ ಸಲ್ಫೈಡ್ ಆಗುತ್ತೆ, ಅದು ಹೆಚ್ಚು ಬಾಳುತ್ತೆ. ಅಂದ್ರೆ ಕಂದು ಬಣ್ಣ ಆಗ ಹಳೇದಾಗಿ ಕಾಣಲಿ ಅಂತ ಹಾಕಿದ್ದಲ್ಲ. ಚಿತ್ರ ಚೆಂದ ಕಾಣಲಿ, ಹಳೇದಾಗದೆ ಉಳೀಲಿ ಅಂತ ಹಾಕಿದ್ದು.

ಹಾಗಾದ್ರೆ ಫೋನಿಗೆ ಬಂದ ಫೋಟೊವನ್ನು ಹೇಗೆ ಪರೀಕ್ಷೆ ಮಾಡೋದು? ಕಮಲಾಪುರಕ್ಕೆ ಹೋಗೋಣ. ಹುಮನಾಬಾದ್ ರೋಡಿನ ಈ ಊರಿನ ಕೆಂಪು ಬಾಳೆಹಣ್ಣಿಗೆ ಜಿಐ ಟ್ಯಾಗ್ ಸಿಕ್ಕಿದೆ. ದೀನ್ ದಯಾಳ್ ಕಾಲದ ಸಾಮಾನ್ಯ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣ್ತಿತ್ತು, ಕೆಂಪು ಕಾಣ್ತಾನೇ ಇರಲಿಲ್ಲ. ಅಂಥ ಪ್ಲೇಟಿನಲ್ಲಿ ಕಮಲಾಪುರದ ಬಾಳೆಗೊನೆ ತೆಗೆದಿದ್ರೆ ಹಣ್ಣು ಹೆಚ್ಚುಕಡಿಮೆ ಕಪ್ಪಗೆ ಬರ್ತಿತ್ತು. ಅದೇ ಗೊನೆಯನ್ನು ಇವತ್ತು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ, ತಿಳಿ ಬೂದು ಬಣ್ಣ ಬರಬಹುದು. ಆಕಾಶಕ್ಕೂ ಇದೇ ಲೆಕ್ಕ. ನೀಲಿ ಆಕಾಶ ಆ ಪ್ಲೇಟುಗಳಲ್ಲಿ ಬಹಳ ಸಲ ಖಾಲಿ ಹಾಳೆಯಂತೆ ಬೆಳ್ಳಗೆ ಬರ್ತಿತ್ತು. ಕೋಟೆಯ ಮೇಲೆ ಕಪ್ಪು ಆಕಾಶ, ಅದರಲ್ಲಿ ಬಿಳಿ ಮೋಡಗಳ ನಾಟಕ ಇದ್ದು, ಕೆಳಗೆ '1890' ಅಂತ ಬರೆದಿದ್ರೆ ನಾನಂತೂ ಮೊದಲು ಅನುಮಾನಪಡ್ತೀನಿ. ಅದೊಂದರಿಂದಲೇ ತೀರ್ಪು ಕೊಡೋಕಾಗಲ್ಲ. ಕರೆಂಟ್ ತಂತಿ, ಅಂಗಡಿ ಬೋರ್ಡು, ಬೇಲಿಯನ್ನೂ ಹುಡುಕಬೇಕು.

ಟೋನಿಂಗ್ ಬಗ್ಗೆ ಜಗಳವೂ ಹೊಸದಲ್ಲ. ಬೆಂಗಳೂರಿನ ಡಾ. ಜಿ. ಥಾಮಸ್ ಸ್ಥಾಪಕರಲ್ಲಿ ಪ್ರಮುಖರಾಗಿದ್ದ ಭಾರತೀಯ ಛಾಯಾಗ್ರಹಣ ಒಕ್ಕೂಟ ಶುರುವಾಗಿದ್ದು 1953ರಲ್ಲಿ. ಸ್ಪರ್ಧೆಗೆ ಬಂದ ಪ್ರಿಂಟುಗಳನ್ನು ತೀರ್ಪುಗಾರರು ಎದುರಿಗಿಟ್ಟುಕೊಂಡು ಅಳೆಯೋ ಪದ್ಧತಿ ಇಂಥ ವಲಯದ್ದು. ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್‌ನ ನಿಯಮ ಕೇಳಿ: ಇಡೀ ಚಿತ್ರಕ್ಕೆ ಒಂದೇ ಬಣ್ಣದ ಟೋನ್ ಕೊಟ್ಟರೆ ಅದು ಕಪ್ಪು-ಬಿಳುಪಿನ ವಿಭಾಗದಲ್ಲೇ ಇರಬಹುದು. ಒಂದು ಭಾಗಕ್ಕಷ್ಟೇ ಟೋನ್ ಕೊಟ್ಟರೆ, ಒಂದು ಬಣ್ಣ ಸೇರಿಸಿದ್ರೆ, ಅದು ಕಲರ್ ಫೋಟೊ. ಕಪ್ಪು-ಬಿಳುಪು ಸಂತೆಯಲ್ಲಿ ಬಾಳೆಗೊನೆಯೊಂದನ್ನೇ ಕೆಂಪಗೆ ಉಳಿಸಿದ್ರೆ, ಕಲರ್ ವಿಭಾಗಕ್ಕೆ ನಡೀರಿ ಅಂತಾರೆ. ಕಟ್ಟುನಿಟ್ಟು ಅನಿಸಬಹುದು, ನನಗಂತೂ ಇಷ್ಟ. 'ಸೂಪರ್' ಅನ್ನೋದಕ್ಕಿಂತ ಇದು ಮೇಲು.

ಈಗ ನಿಜವಾದ ಚಿಂತೆಗೆ ಬರ್ತೀನಿ. ಮನೆಯ ಟ್ರಂಕಿನಲ್ಲಿ ಅಜ್ಜಿಯ ಮದುವೆ ಫೋಟೊ ಇರುತ್ತೆ. ಅದನ್ನು ಫೋನಿನಲ್ಲಿ ತೆಗೆದು, ಮೇಲೊಂದು ಸೆಪಿಯಾ ಫಿಲ್ಟರ್ ಹಾಕಿ, ಗ್ರೂಪಿಗೆ ಕಳಿಸ್ತೀವಿ. ಮೂಲ ಪ್ರಿಂಟು ಮಳೆಗಾಲದಲ್ಲಿ ಹಾಳಾದ ಮೇಲೆ ಉಳಿಯೋದು ಆ ಫಿಲ್ಟರ್ ಪ್ರತಿ ಮಾತ್ರ. ಅದು ಟೋನ್ ಮಾಡಿದ್ದಾ, ಮಾಸಿ ಹಳದಿಯಾಗಿದ್ದಾ ಅಂತ ಆಮೇಲೆ ಯಾರೂ ಹೇಳೋಕಾಗಲ್ಲ. ಅದಕ್ಕೇ ಕಪ್ಪು-ಬಿಳುಪಿನ ಪ್ರಿಂಟನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡ್ರಿ, ನಾಲ್ಕೂ ಅಂಚು ಕಾಣೋ ಹಾಗೆ. ಫಿಲ್ಟರ್ ಹಾಕಲೇಬೇಕಂದ್ರೆ ಬೇರೆ ಪ್ರತಿಗೆ ಹಾಕಿ. ಆಮೇಲೆ ಫೋಟೊ ತಿರುವಿ ನೋಡಿ. ಹಿಂದೆ ಸ್ಟುಡಿಯೋದ ಸೀಲು, ಪೆನ್ಸಿಲ್ಲಿನಲ್ಲಿ ಬರೆದ ತಾರೀಖು ಇದ್ರೆ ಅದರದ್ದೂ ಒಂದು ಫೋಟೊ ತಗೊಂಡು, ಎರಡನ್ನೂ ಒಟ್ಟಿಗೇ ಕಳಿಸ್ರಿ.